ಜೀರ್ಣೋದ್ಧಾರದ ದಾರಿ: ದೂರದಿಂದ ಬಂದ ಕೈಗಳು, ಹತ್ತಿರದ ಹೊಣೆ

ಕನ್ನಡ ನಾಡಿನ ಜೈನ ದಾನಶಾಸನಗಳನ್ನು ಓದುತ್ತ ಹೋದವರಿಗೆ ಒಂದು ಮಾತು ಮತ್ತೆ ಮತ್ತೆ ಎದುರಾಗುತ್ತದೆ. ದೊರೆಯೋ, ದಂಡನಾಯಕನೋ, ಸೆಟ್ಟಿಯೋ ಬಸದಿಗೆ ಭೂಮಿಯನ್ನು ಬಿಡುವಾಗ ಆ ದಾನದ ಉದ್ದೇಶಗಳನ್ನು ಶಾಸನ ಹೇಳುತ್ತದೆ: ದೇವರ ಅಷ್ಟವಿಧಾರ್ಚನೆ, ಋಷಿಯರ ಆಹಾರದಾನ ಮತ್ತು ಖಂಡಸ್ಫುಟಿತ ಜೀರ್ಣೋದ್ಧಾರ. ಖಂಡವೆಂದರೆ ಮುರಿದುದು, ಸ್ಫುಟಿತವೆಂದರೆ ಬಿರಿದುದು. ಬಸದಿಯನ್ನು ಕಟ್ಟಿಸಿದ ದಿನವೇ ಅದು ಮುಂದೊಮ್ಮೆ ಮುರಿಯುತ್ತದೆ, ಬಿರಿಯುತ್ತದೆ ಎಂಬುದನ್ನು ಒಪ್ಪಿಕೊಂಡು, ಆ ದುರಸ್ತಿಯ ವೆಚ್ಚಕ್ಕೂ ಹೊಲಗದ್ದೆಗಳನ್ನು ಮೀಸಲಿಟ್ಟ ದೂರದೃಷ್ಟಿ ನಮ್ಮ ಪೂರ್ವಜರದು.

ಇಂದು ಜೀರ್ಣೋದ್ಧಾರವೆಂಬ ಮಾತಿಗೆ ಬೇರೊಂದು ಅರ್ಥ ಕೂಡಿಕೊಂಡಿದೆ. ಊರಿನ ಬಸದಿಯ ಮಾಡು ಸೋರುತ್ತದೆ, ಗೋಡೆ ಬಿರಿದಿದೆ ಎಂದಾಗ ಆಡಳಿತ ಮಂಡಳಿಯವರು ದೂರದ ಊರಿನ, ಅನೇಕ ವೇಳೆ ದೂರದ ರಾಜ್ಯದ, ಗುತ್ತಿಗೆದಾರರನ್ನು ಕರೆಸುತ್ತಾರೆ. ಅವರು ತಮ್ಮ ಕೆಲಸಗಾರರೊಡನೆ ಬರುತ್ತಾರೆ, ಕಲ್ಲನ್ನೂ ಒಮ್ಮೊಮ್ಮೆ ತಾವೇ ತರುತ್ತಾರೆ, ಕೆಲವು ತಿಂಗಳಲ್ಲಿ ಕೆಲಸ ಮುಗಿಸಿ ಹೊರಟುಹೋಗುತ್ತಾರೆ. ಕಟ್ಟಡವನ್ನು ದುರಸ್ತಿ ಮಾಡುವವನು ಎಷ್ಟು ದೂರದಿಂದ ಬರಬಹುದು? ಹಾಗೆ ಬಂದವನಿಗೂ ಕಟ್ಟಡಕ್ಕೂ ಕರೆಸಿದವರಿಗೂ ಇರುವ ಸಂಬಂಧವೇನು? ಈ ಪ್ರಶ್ನೆಗೆ ನಮ್ಮ ಇತಿಹಾಸದಲ್ಲಿ ಸಾಕಷ್ಟು ಉತ್ತರವಿದೆ. ಅದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಕಾಲ್ನಡಿಗೆಯ ಕಾಲದ ಶಿಲ್ಪಿಗಳು

ಹಿಂದಿನವರು ತಮ್ಮ ಊರಿನ ಕಲ್ಲುಕುಟಿಗರಿಂದಲೇ ಎಲ್ಲವನ್ನೂ ಮಾಡಿಸಿದರು, ದೂರದಿಂದ ಕರೆಸುವುದು ಈಚಿನ ಚಾಳಿ ಎಂದು ಭಾವಿಸುವುದು ಸರಿಯಲ್ಲ. ಹೊಯ್ಸಳರ ಕಾಲದ ಶಿಲ್ಪಿಗಳು ತಮ್ಮ ಕೃತಿಗಳ ಕೆಳಗೆ ಹೆಸರನ್ನು ಕೆತ್ತಿದ್ದರಿಂದ ಅವರ ಸಂಚಾರದ ಜಾಡು ನಮಗೆ ಇಂದಿಗೂ ದೊರೆಯುತ್ತದೆ. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ದೇವಾಲಯದಲ್ಲಿ ಮದನಿಕೆಯರನ್ನು ಕಡೆದ ದಾಸೋಜನೂ ಅವನ ಮಗ ಚಾವಣನೂ ಬಳ್ಳಿಗಾವೆಯವರು. ಶಿಕಾರಿಪುರದ ಬಳಿಯ ಬಳ್ಳಿಗಾವೆಯಿಂದ ಬೇಲೂರಿಗೆ ಇಂದಿನ ರಸ್ತೆಯಲ್ಲಿ ಸುಮಾರು 180 ಕಿ.ಮೀ. ದಾರಿ. ಉಳಿ, ಸುತ್ತಿಗೆಗಳ ಗಂಟನ್ನು ಹೊತ್ತು ನಡೆದುಬರುವ ಕುಟುಂಬಕ್ಕೆ ಅದು ಎಂಟು ಹತ್ತು ದಿನಗಳ ಪ್ರಯಾಣ. ನುಗ್ಗೇಹಳ್ಳಿಯ ದೇವಾಲಯದಲ್ಲಿ ಕೆಲಸ ಮಾಡಿದ ಬೈಚೋಜನು ನಂದಿಯವನು. ಅವನೊಡನೆ ಅಲ್ಲಿ ದುಡಿದ ಮಲ್ಲಿತಮ್ಮನ ಹೆಸರು ಅಮೃತಾಪುರದಿಂದ ಸೋಮನಾಥಪುರದವರೆಗೆ ಹಲವು ದೇವಾಲಯಗಳಲ್ಲಿ, ಅರುವತ್ತು ವರ್ಷಗಳಿಗೂ ಮಿಕ್ಕ ಅವಧಿಯಲ್ಲಿ, ಕಾಣಸಿಗುತ್ತದೆ.

ಇವರು ಅಲೆದಾಡಿದ್ದಕ್ಕೆ ಕಾರಣ ಸ್ಪಷ್ಟವಾಗಿದೆ. ಒಂದು ಊರಿನಲ್ಲಿ ಒಂದು ತಲೆಮಾರಿಗೆ ಒಂದೋ ಎರಡೋ ದೊಡ್ಡ ಕಟ್ಟಡಗಳು ಏಳಬಹುದು. ಕಲ್ಲಿನ ಕೆಲಸವನ್ನೇ ಕುಲವೃತ್ತಿಯಾಗಿ ಹಿಡಿದ ಮನೆತನ ಬದುಕಬೇಕಾದರೆ ಕೆಲಸ ಇರುವಲ್ಲಿಗೆ ಹೋಗಲೇಬೇಕು. ರಾಜರೂ ದಂಡನಾಯಕರೂ ಕಟ್ಟಿಸುವ ಉತ್ಸಾಹದಲ್ಲಿದ್ದಾಗ ರೂವಾರಿಗಳು ಅವರನ್ನು ಅರಸಿ ಬಂದರು. ಬಂದವರು ಮತದ ಬೇಲಿಯನ್ನೂ ದಾಟಿದರು.

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲಿರುವ ಚಂದ್ರಗುಪ್ತ ಬಸದಿ ಇದಕ್ಕೆ ಒಳ್ಳೆಯ ನಿದರ್ಶನ. ಬೆಟ್ಟದ ಬಸದಿಗಳಲ್ಲೆಲ್ಲ ಇದು ಅತಿ ಚಿಕ್ಕದು. ಸಾಲಾಗಿ ಮೂರು ಗರ್ಭಗೃಹಗಳು: ನಡುವೆ ಪಾರ್ಶ್ವನಾಥ ಸ್ವಾಮಿ, ಎರಡು ಪಕ್ಕಗಳಲ್ಲಿ ಪದ್ಮಾವತಿ ಮತ್ತು ಕೂಷ್ಮಾಂಡಿನಿಯರು. ಈ ಹಳೆಯ, ಸರಳವಾದ ಕಟ್ಟಡಕ್ಕೆ ಹನ್ನೆರಡನೆಯ ಶತಮಾನದಲ್ಲಿ ಮುಂಭಾಗದಲ್ಲಿ ಬಾಗಿಲಿನ ಇಕ್ಕೆಲಗಳಿಗೂ ಕಲ್ಲಿನ ಜಾಲಂದ್ರಗಳನ್ನು ಕೂಡಿಸಿದರು. ಶ್ರುತಕೇವಲಿ ಭದ್ರಬಾಹು ಸ್ವಾಮಿಗಳ ಮತ್ತು ಚಂದ್ರಗುಪ್ತ ಮೌರ್ಯನ ಜೀವನದ ದೃಶ್ಯಗಳನ್ನು ಆ ಜಾಲಂದ್ರಗಳಲ್ಲಿ ಸೂಕ್ಷ್ಮವಾಗಿ ಕೆತ್ತಲಾಗಿದೆ. ಅಲ್ಲಿ ಕಾಣುವ ಶಿಲ್ಪಿಯ ಹೆಸರು ದಾಸೋಜ. ಬೇಲೂರಿನ ದಾಸೋಜನೇ ಇವನೆಂದು ಶಾಸನತಜ್ಞರಾದ ಆರ್. ನರಸಿಂಹಾಚಾರ್ಯರು ಅಭಿಪ್ರಾಯಪಟ್ಟಿದ್ದಾರೆ. ಬಳ್ಳಿಗಾವೆಯಿಂದ ಬೇಲೂರಿಗೆ, ಬೇಲೂರಿನಿಂದ ಬೆಳಗೊಳಕ್ಕೆ ಅವನನ್ನು ಕರೆತಂದದ್ದು ಹೊಸ ಬಸದಿಯ ನಿರ್ಮಾಣವಲ್ಲ. ಹಳೆಯ ಬಸದಿಯೊಂದರ ನವೀಕರಣ.

ಅವನು ಮಾಡಿದ್ದನ್ನು ಗಮನಿಸಬೇಕು. ಹಳೆಯ ಗರ್ಭಗೃಹಗಳನ್ನು ಕೆಡವಿ ಬೇಲೂರಿನಂತಹ ನಕ್ಷತ್ರಾಕಾರದ ಮಂದಿರವನ್ನು ಅವನು ಅಲ್ಲಿ ಎಬ್ಬಿಸಲಿಲ್ಲ. ಚಿಕ್ಕದನ್ನು ಚಿಕ್ಕದಾಗಿಯೇ ಉಳಿಸಿ, ಆ ಸ್ಥಳದ ಕಥೆಯನ್ನೇ ಆ ಸ್ಥಳದ ಬಾಗಿಲಿಗೆ ಕೆತ್ತಿದನು. ದೂರದಿಂದ ಬಂದವನು ಸ್ಥಳವನ್ನು ಅರಿತು ಮಾಡಿದ ಕೆಲಸವಿದು. ಇದೇ ಜಾಲಂದ್ರಗಳು ಇನ್ನೊಂದು ಪಾಠವನ್ನೂ ಹೇಳುತ್ತವೆ. ಪೂರ್ವದ ಜಾಲಂದ್ರದ ಕೆಲವು ಸಾಲುಗಳಲ್ಲಿ ದೃಶ್ಯಗಳ ಅನುಕ್ರಮ ತಪ್ಪಿದೆ. ಮುಂದೆ ಯಾವುದೋ ಕಾಲದ ದುರಸ್ತಿಯಲ್ಲಿ ಕಲ್ಲುಗಳನ್ನು ಬಿಚ್ಚಿ ಮರಳಿ ಜೋಡಿಸುವಾಗ ಸ್ಥಾನಪಲ್ಲಟವಾಗಿರಬೇಕೆಂದು ವಿದ್ವಾಂಸರ ಊಹೆ. ಕಲ್ಲು ಮುಕ್ಕಾಗಲಿಲ್ಲ, ಗೋಡೆ ಬೀಳಲಿಲ್ಲ. ಆದರೂ ಕಥೆ ಕೆಟ್ಟಿತು. ತಾನು ಮುಟ್ಟುತ್ತಿರುವ ವಸ್ತು ಏನನ್ನು ಹೇಳುತ್ತದೆಂಬುದನ್ನು ತಿಳಿಯದ ಕೈ ಪಕ್ಕದ ಬೀದಿಯಿಂದ ಬಂದರೂ ದೂರದ ಕೈಯೇ.

ಮಾಡಿಸಿದವರು ಕ್ರಮಿಸಿದ ದೂರ

ಶಿಲ್ಪಿಗಳಂತೆಯೇ ಜೀರ್ಣೋದ್ಧಾರ ಮಾಡಿಸಿದವರ ಕಾಳಜಿಯೂ ದೂರ ದೂರಕ್ಕೆ ಹಬ್ಬಿತ್ತು. ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಗಂಗವಾಡಿಯ ಹಾಳುಬಿದ್ದ ಬಸದಿಗಳನ್ನೆಲ್ಲ ಸರಿಪಡಿಸಿದನೆಂದು ಶಾಸನಗಳು ಹೊಗಳುತ್ತವೆ. ದೊಡ್ಡಬೆಟ್ಟದ ಮೇಲೆ ಬಯಲಿನಲ್ಲಿ ನಿಂತಿದ್ದ ಗೊಮ್ಮಟ ಸ್ವಾಮಿಗೆ ಸುತ್ತಾಲಯವನ್ನು ಕಟ್ಟಿಸಿದವನೂ ಅವನೇ. 981ರಲ್ಲಿ ಚಾವುಂಡರಾಯನು ಮಾಡಿಸಿದ ಮೂರ್ತಿಗೆ ನೂರಕ್ಕೂ ಹೆಚ್ಚು ವರ್ಷಗಳ ಬಳಿಕ ಸೇರಿದ ಈ ಆವರಣ ಮೂಲವನ್ನು ಮುಟ್ಟದೆ ಅದನ್ನು ರಕ್ಷಿಸಿತು. ಮೂರ್ತಿಯ ಪಾದಗಳ ಬಳಿಯ ಕಿರುಶಾಸನಗಳು ಮಾಡಿಸಿದವನು ಯಾರು, ಸುತ್ತಾಲಯವನ್ನು ಕೂಡಿಸಿದವನು ಯಾರು ಎಂಬುದನ್ನು ಬೇರೆ ಬೇರೆಯಾಗಿಯೇ ಹೇಳುತ್ತವೆ. ದುರಸ್ತಿ ಮಾಡಿದವನು ಮೂಲಕರ್ತೃವಿನ ಹೆಸರನ್ನು ಅಳಿಸಿ ತನ್ನ ಫಲಕವನ್ನು ನೆಡಲಿಲ್ಲವೆಂಬುದು ನಾವು ನೆನಪಿಡತಕ್ಕ ಸಂಗತಿ.

ಗಂಗರಾಜನ ಬಳಿಕ ಸ್ಮರಣೀಯನಾದವನು ಹುಳ್ಳರಾಜ. ನರಸಿಂಹನ ಭಂಡಾರಿಯಾಗಿದ್ದ ಇವನು 1159ರಲ್ಲಿ ಬೆಳಗೊಳದಲ್ಲಿ ಚತುರ್ವಿಂಶತಿ ತೀರ್ಥಂಕರರ ಬಸದಿಯನ್ನು ಕಟ್ಟಿಸಿದನು. ಅದನ್ನೇ ನಾವು ಭಂಡಾರಿ ಬಸದಿಯೆನ್ನುತ್ತೇವೆ. ಅದೇ ಹುಳ್ಳರಾಜನು ಬಂಕಾಪುರದಲ್ಲಿ ಶಿಥಿಲವಾಗಿದ್ದ ಜಿನಾಲಯಗಳನ್ನು ಮರಳಿ ಕಟ್ಟಿಸಿದನು. ಗಂಗರ ಕಾಲದಲ್ಲಿ ನೆಲೆಗೊಂಡು ಪಾಳುಬಿದ್ದಿದ್ದ ಕೆಲ್ಲಂಗೆರೆಯ ಬಸದಿಯನ್ನು ಎತ್ತಿ ನಿಲ್ಲಿಸಿದನು. ಕೊಪ್ಪಣ ತೀರ್ಥದಲ್ಲಿ ಮುನಿಸಂಘಕ್ಕೆ ದಾನದ ಏರ್ಪಾಡು ಮಾಡಿದನು. ಬೆಳಗೊಳದಿಂದ ಬಂಕಾಪುರಕ್ಕೆ ಸುಮಾರು 300 ಕಿ.ಮೀ. ದೂರವಿದೆ. ತನ್ನ ಊರಿನದಲ್ಲದ, ತನ್ನ ಪೂರ್ವಜರು ಕಟ್ಟಿಸದ ಬಸದಿಯ ಬಿರುಕೂ ತನ್ನದೇ ಎಂದು ತಿಳಿದ ಶ್ರಾವಕನ ಮನಸ್ಸು ಇಲ್ಲಿ ವ್ಯಕ್ತವಾಗುತ್ತದೆ.

ಆದರೂ ಒಂದು ಮಾತನ್ನು ಮರೆಯಬಾರದು. ಕೆಲ್ಲಂಗೆರೆ ಪಾಳುಬಿದ್ದುದರಿಂದಲೇ ಹುಳ್ಳರಾಜ ಬೇಕಾದನು. ದತ್ತಿಯ ಭೂಮಿಯ ಆದಾಯ ತಪ್ಪದೆ ಬರುತ್ತಿದ್ದು, ಆಯಾ ವರ್ಷದ ಬಿರುಕನ್ನು ಆಯಾ ವರ್ಷವೇ ಊರಿನ ಗಾರೆಯವನು ಮುಚ್ಚುತ್ತಿದ್ದರೆ ದೂರದ ಭಂಡಾರಿ ಬರಬೇಕಾಗುತ್ತಿರಲಿಲ್ಲ. ಖಂಡಸ್ಫುಟಿತಕ್ಕೆಂದು ಭೂಮಿಯನ್ನು ಬಿಟ್ಟವರ ಇಂಗಿತವೂ ಇದೇ. ಮುರಿದುದು ಚಿಕ್ಕದಾಗಿರುವಾಗ ಹತ್ತಿರದ ಕೈ ಸಾಕು. ಉದಾಸೀನ ಬೆಳೆದಂತೆಲ್ಲ ಕೆಲಸ ದೊಡ್ಡದಾಗುತ್ತದೆ. ಕೆಲಸ ದೊಡ್ಡದಾದಂತೆ ಅದನ್ನು ಮಾಡಬಲ್ಲವನು ಹೆಚ್ಚು ಹೆಚ್ಚು ದೂರದಿಂದ ಬರಬೇಕಾಗುತ್ತದೆ.

ಆಬೂ ಪರ್ವತದ ಸಾಕ್ಷ್ಯ

ಇದೇ ವಿಚಾರ ಪಶ್ಚಿಮ ಭಾರತದ ಇತಿಹಾಸದಲ್ಲಿಯೂ ಕಾಣುತ್ತದೆ. ಆಬೂ ಪರ್ವತದ ದೇಲವಾಡೆಯಲ್ಲಿ ವಿಮಲ ಮಂತ್ರಿ 1031ರಲ್ಲಿ ಆದಿನಾಥ ಮಂದಿರವನ್ನೂ, ವಸ್ತುಪಾಲ ತೇಜಪಾಲ ಸಹೋದರರು 1230ರಲ್ಲಿ ನೇಮಿನಾಥ ಮಂದಿರವನ್ನೂ ಪ್ರತಿಷ್ಠೆ ಮಾಡಿಸಿದರು. ನೇಮಿನಾಥ ಮಂದಿರದ 1230ರ ಶಾಸನವೊಂದು ಕೇವಲ ಪ್ರಶಸ್ತಿಯಲ್ಲ, ಆಡಳಿತದ ಕಟ್ಟಳೆಯೂ ಹೌದು. ಮಂದಿರವನ್ನು ನೋಡಿಕೊಳ್ಳಬೇಕಾದ ಗೋಷ್ಠಿಕರು ಯಾರು, ಎಂಟು ದಿನಗಳ ವಾರ್ಷಿಕೋತ್ಸವದಲ್ಲಿ ಯಾವ ದಿನದ ಸೇವೆ ಯಾವ ಊರಿನ ಶ್ರಾವಕರದು ಎಂಬುದನ್ನು ಅದು ವಿಧಿಸುತ್ತದೆ. ಮಂತ್ರಿಗಳ ಅಧಿಕಾರ ಗುಜರಾತಿನಲ್ಲಿತ್ತು. ಆದರೆ ಮಂದಿರದ ಹೊಣೆಯನ್ನು ಅವರು ಬೆಟ್ಟದ ಸುತ್ತಲಿನ ಊರುಗಳಿಗೆ ಒಪ್ಪಿಸಿದರು.

ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ಈ ಮಂದಿರಗಳು ದಾಳಿಗೆ ತುತ್ತಾದವು. 1321ರ ಹೊತ್ತಿಗೆ ಶ್ರಾವಕರು ಜೀರ್ಣೋದ್ಧಾರ ಮಾಡಿಸಿದರು. ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ ಆಣಂದಜಿ ಕಲ್ಯಾಣಜಿ ಸಂಸ್ಥೆ ಮತ್ತೊಂದು ದೊಡ್ಡ ಜೀರ್ಣೋದ್ಧಾರವನ್ನು ಕೈಗೊಂಡಿತು. ಆ ಸಂಸ್ಥೆಯ ಅಧ್ಯಕ್ಷರಾಗಿದ್ದ ಶ್ರೇಷ್ಠಿ ಕಸ್ತೂರಭಾಯಿ ಲಾಲಭಾಯಿಯವರ ಆಸಕ್ತಿಯಿಂದ, ಸೋಮಪುರ ಮನೆತನದ ಸ್ಥಪತಿ ಅಮೃತಲಾಲ ಮೂಳಶಂಕರ ತ್ರಿವೇದಿಯವರ ನೇತೃತ್ವದಲ್ಲಿ ಆ ಕಾರ್ಯ ನಡೆಯಿತು. ಪ್ರಭಾಸ ಪಟ್ಟಣದ ಸೋಮನಾಥನಿಂದ ತಮ್ಮ ಹೆಸರನ್ನು ಪಡೆದ ಸೋಮಪುರರು ಗುಜರಾತು, ರಾಜಸ್ಥಾನಗಳಲ್ಲಿ ಶತಮಾನಗಳಿಂದ ಮಂದಿರ ನಿರ್ಮಾಣದ ವಿದ್ಯೆಯನ್ನು ತಂದೆಯಿಂದ ಮಗನಿಗೆ ಒಪ್ಪಿಸುತ್ತ ಬಂದವರು. ಅವರಿಗಿದ್ದ ಕಟ್ಟುನಿಟ್ಟು ಕಲ್ಲಿನ ವಿಷಯದಲ್ಲಿ. ಮೂಲ ಮಂದಿರಗಳ ಅಮೃತಶಿಲೆ ಬಂದಿದ್ದುದು ಅಂಬಾಜಿಯ ಬಳಿಯ ಆರಾಸುರ ಬೆಟ್ಟಗಳಿಂದ. ಹೊಸ ಕಲ್ಲನ್ನೂ ಆ ಪ್ರದೇಶದಿಂದಲೇ ಪಡೆದು, ಒಡೆದ ಭಾಗಗಳನ್ನು ಹಳೆಯ ಮಾದರಿಗೆ ಸರಿಹೊಂದುವಂತೆ ಕಡೆದರು. ಕುಶಲಿಗಳು ದೂರದಿಂದ ಬಂದರು. ಕಲ್ಲು ಮಾತ್ರ ಮೊದಲಿನ ನೆರೆಯಿಂದಲೇ ಬಂದಿತು. ಜೀರ್ಣೋದ್ಧಾರದಲ್ಲಿ ಯಾವುದು ದೂರದಿಂದ ಬರಬಹುದು, ಯಾವುದು ಬರಬಾರದು ಎಂಬ ವಿವೇಕ ಇದರಲ್ಲಿ ಅಡಗಿದೆ.

ಕುಶಲಿಯ ಬದಲು ಕಲ್ಲೇ ಪ್ರಯಾಣ ಮಾಡಿದಾಗ

ನಮ್ಮ ಕಾಲದಲ್ಲಿ ಈ ಪ್ರಯಾಣದ ಸ್ವರೂಪವೇ ಬದಲಾಯಿತು. ಹಿಂದೆ ಶಿಲ್ಪಿ ಕಟ್ಟಡವಿದ್ದಲ್ಲಿಗೆ ನಡೆದು ಬರುತ್ತಿದ್ದನು. ಈಗ ಶಿಲ್ಪಿ ತನ್ನ ಊರಿನಲ್ಲೇ ಕುಳಿತಿರುತ್ತಾನೆ. ಕೆತ್ತಿದ ಕಲ್ಲು ಪ್ರಯಾಣ ಮಾಡುತ್ತದೆ. ಕನ್ನಡನಾಡಿನಲ್ಲಿ ಇದರ ಭವ್ಯ ಉದಾಹರಣೆ ಧರ್ಮಸ್ಥಳದ ಬಾಹುಬಲಿ ಮೂರ್ತಿ. ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕಾರ್ಕಳದಲ್ಲಿ ಕಡೆದ 39 ಅಡಿ ಎತ್ತರದ ಆ ಏಕಶಿಲಾ ಮೂರ್ತಿಯನ್ನು 1973ರಲ್ಲಿ ಧರ್ಮಸ್ಥಳಕ್ಕೆ ಸಾಗಿಸಲಾಯಿತು. 1982ರಲ್ಲಿ ಪ್ರತಿಷ್ಠೆ ನೆರವೇರಿತು. ಅದು ಹೊಸ ಮೂರ್ತಿಯ ಮಾತು. ದಾರಿಯೂ ಅಂದು ಒಂದೇ ಜಿಲ್ಲೆಯೊಳಗಿನದಾಗಿತ್ತು. ಶಿಲ್ಪಿ ಆ ನೆಲದವರು, ಮೂರ್ತಿ ನಿಲ್ಲುವ ಬೆಟ್ಟವನ್ನು ಬಲ್ಲವರು.

ಸಮುದ್ರದಾಚೆಯ ಉದಾಹರಣೆಗಳು ಇನ್ನೂ ವಿಸ್ಮಯಕಾರಿ. ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ನೆಲಸಿದ ಜೈನ ಸಮಾಜದವರು 1979ರಲ್ಲಿ ಹತ್ತೊಂಬತ್ತನೆಯ ಶತಮಾನದ ಇಗರ್ಜಿಯ ಕಟ್ಟಡವೊಂದನ್ನು ಕೊಂಡರು. ಅದರ ಹೊರಗೋಡೆಗಳನ್ನು ಉಳಿಸಿಕೊಂಡು ಒಳಗೆ ಭಾರತದಲ್ಲಿ ಕೆತ್ತಿಸಿದ ಶಿಲಾಸ್ತಂಭಗಳನ್ನು ನಿಲ್ಲಿಸಿ, 1988ರಲ್ಲಿ ಪ್ರತಿಷ್ಠಾ ಮಹೋತ್ಸವವನ್ನು ಆಚರಿಸಿದರು. ಒಂದೇ ಸೂರಿನಡಿ ಶ್ವೇತಾಂಬರ ಮತ್ತು ದಿಗಂಬರ ಬಿಂಬಗಳಿಗೂ ಸ್ಥಾನಕವಾಸಿಗಳ ಉಪಾಶ್ರಯಕ್ಕೂ ಸ್ಥಳವೊದಗಿತು. ಹಳೆಯ ಕಟ್ಟಡವನ್ನು ಕೆಡವದೆ ಹೊಸ ಬಳಕೆಗೆ ಅಣಿಗೊಳಿಸಿದ ಈ ಕೆಲಸ ನಿಜವಾಗಿಯೂ ಶ್ಲಾಘನೀಯ. ಲಂಡನ್ನಿನ ನೀಸ್ಡನ್‌ನಲ್ಲಿ 1995ರಲ್ಲಿ ತೆರೆದ ಸ್ವಾಮಿನಾರಾಯಣ ಮಂದಿರಕ್ಕಾಗಿ ಬಲ್ಗೇರಿಯಾದ 2,828 ಟನ್ ಸುಣ್ಣಶಿಲೆಯೂ ಇಟಲಿಯ 2,000 ಟನ್ ಅಮೃತಶಿಲೆಯೂ ಭಾರತಕ್ಕೆ ಬಂದು, ಇಲ್ಲಿ ಕೆತ್ತಲ್ಪಟ್ಟು, 26,300 ತುಂಡುಗಳಾಗಿ ಲಂಡನ್ನಿಗೆ ಸಾಗಿದವು. ಯೂರೋಪಿನ ಕಲ್ಲು ಯೂರೋಪಿನ ನಗರಕ್ಕೆ ತಲಪಲು ಭಾರತವನ್ನು ಸುತ್ತಿಹೋಯಿತು. ಕಲ್ಲನ್ನು ಕೆತ್ತಿದವರಲ್ಲಿ ಹೆಚ್ಚಿನವರು ಅದು ಸೇರಿದ ಮಂದಿರವನ್ನು ಕಂಡವರಲ್ಲ.

ಇಲ್ಲಿ ಸಂದೇಹ ಏಳುವುದು ಕುಶಲತೆಯ ವಿಷಯದಲ್ಲಿ ಅಲ್ಲ. ಆ ಮಂದಿರಗಳ ಕೆತ್ತನೆ ಅನನ್ಯವಾದದ್ದು. ಪ್ರಶ್ನೆ ಸಂಬಂಧದ್ದು. ದಾಸೋಜನು ಕೆಲಸದ ಸ್ಥಳದಲ್ಲಿ ಬದುಕಿದನು. ಮಳೆ ಎತ್ತ ಕಡೆಯಿಂದ ಬೀಳುತ್ತದೆ, ಬಿಸಿಲು ಯಾವ ಗೋಡೆಗೆ ಬಡಿಯುತ್ತದೆ, ಭಕ್ತರು ಎತ್ತಣಿಂದ ಪ್ರದಕ್ಷಿಣೆ ಬರುತ್ತಾರೆ ಎಂಬುದೆಲ್ಲ ಅವನಿಗೆ ಕಾಣುತ್ತಿತ್ತು. ಅವನು ಉಣ್ಣುವುದು, ಮಲಗುವುದು, ಕಾಯಿಲೆ ಬೀಳುವುದು ಕೆಲಸ ಮಾಡಿಸಿದವರಿಗೂ ಕಾಣುತ್ತಿತ್ತು. ಕಲ್ಲು ಮಾತ್ರ ಪ್ರಯಾಣ ಮಾಡುವಾಗ ಈ ಎರಡೂ ನೋಟಗಳು ಇಲ್ಲವಾಗುತ್ತವೆ. ಆಗ ಆಗುವ ಹಾನಿಯೂ ಎರಡು ಬಗೆಯದು: ಒಂದು ಕಟ್ಟಡಕ್ಕೆ, ಇನ್ನೊಂದು ಕೆಲಸಗಾರನಿಗೆ.

ಕಟ್ಟಡಕ್ಕೆ ಆಗುವ ಹಾನಿ

ಕರಾವಳಿಯ ಬಸದಿಗಳನ್ನೇ ತೆಗೆದುಕೊಳ್ಳೋಣ. ಮೂಡುಬಿದಿರೆಯ ಪ್ರದೇಶದಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುತ್ತದೆ. 1430ರ ಸುಮಾರಿಗೆ ಕಟ್ಟಿದ ಸಾವಿರ ಕಂಬದ ಬಸದಿಯ ಇಳಿಜಾರು ಮಾಡುಗಳೂ, ಗೋಡೆಯಿಂದ ಮುಂದಕ್ಕೆ ಚಾಚಿದ ಸೂರುಗಳೂ, ಮೇಲಂತಸ್ತಿನ ಮರದ ಕೆಲಸವೂ ಅಲಂಕಾರಕ್ಕಾಗಿ ಹುಟ್ಟಿದವಲ್ಲ. ಆ ಮಳೆಗೆ ಕೊಟ್ಟ ಉತ್ತರ ಅವು. ಬಯಲುಸೀಮೆಯ ಅಥವಾ ಮರುಭೂಮಿಯ ಅಂಚಿನ ಕಟ್ಟಡಗಳಲ್ಲಿ ಪಳಗಿದ ಮೇಸ್ತ್ರಿಗೆ ಚಪ್ಪಟೆಯಾದ ತಾರಸಿ ಸಹಜವೆನಿಸಬಹುದು. ಮುರಕಲ್ಲಿನ ಗೋಡೆಯ ಮೇಲೆ ಅದನ್ನು ಹೊರಿಸಿದರೆ ಒಂದೆರಡು ಮಳೆಗಾಲಗಳಲ್ಲೇ ಪರಿಣಾಮ ತಿಳಿದುಬರುತ್ತದೆ. ಅಷ್ಟರಲ್ಲಿ ಮೇಸ್ತ್ರಿ ತನ್ನ ಊರಿನಲ್ಲಿರುತ್ತಾನೆ.

ಸಿಮೆಂಟಿನ ಕಥೆಯೂ ಇದೇ. ನಮ್ಮ ಹಳೆಯ ಗೋಡೆಗಳ ಬೆಸುಗೆ ಸುಣ್ಣದ ಗಾರೆಯದು. ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಮೊದಲಾದವನ್ನು ಬೆರೆಸಿ ಅರೆದು, ಕೊಳೆಸಿ, ಹದಮಾಡಿದ ಆ ಗಾರೆ ಮೆದುವಾದುದು. ಗೋಡೆಯೊಳಗಿನ ತೇವವನ್ನು ಮೆಲ್ಲಗೆ ಹೊರಬಿಡುತ್ತದೆ. ಸಿಮೆಂಟು ಗಟ್ಟಿ, ನೀರನ್ನು ಹಾಯಗೊಡದು. ಹಳೆಯ ಗೋಡೆಗೆ ಅದನ್ನು ಮೆತ್ತಿದರೆ ಒಳಗಿನ ತೇವ ಹೊರಬರಲು ಬೇರೆ ದಾರಿಯಿಲ್ಲದೆ ಕಲ್ಲಿನ ಮೂಲಕವೇ ಬರುತ್ತದೆ. ಅದರೊಡನೆ ಬಂದ ಲವಣ ಮೇಲ್ಮೈಯಲ್ಲಿ ಹರಳುಗಟ್ಟಿ, ಕಲ್ಲಿನ ಮುಖ ಪದರಪದರವಾಗಿ ಕಳಚುತ್ತದೆ. ಬಳಪದ ಕಲ್ಲಿನಂತಹ ಮೃದು ಶಿಲೆಯನ್ನು ಯಂತ್ರದಿಂದ ಉಜ್ಜಿ ಬೆಳ್ಳಗೆ ಮಾಡುವುದೂ ಇಂತಹುದೇ ಅಪಾಯ. ಒಂದು ಮಧ್ಯಾಹ್ನದಲ್ಲಿ ಎಂಟು ಶತಮಾನಗಳ ಉಳಿಯ ಗುರುತು ಮಾಯವಾಗಬಹುದು. ಕೆಲಸ ಮುಗಿದ ದಿನ ಎಲ್ಲವೂ ಹೊಳೆಯುತ್ತದೆ. ಗುತ್ತಿಗೆದಾರನಿಗೆ ಹಣ ಸಂದಾಯವಾಗುವುದು ಆ ಹೊಳಪಿನ ದಿನದಂದು; ಕಲ್ಲು ಕಳಚುವುದು ಹತ್ತು ವರ್ಷಗಳ ಬಳಿಕ.

ದೂರದಿಂದ ಬಂದವರೆಲ್ಲ ಹೀಗೆಯೇ ಎಂದು ಇದರ ಅರ್ಥವಲ್ಲ. ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ ಪುರಾತತ್ತ್ವ ಇಲಾಖೆಯೊಡನೆ ಸೇರಿ ಕರ್ನಾಟಕದ ಉದ್ದಗಲಕ್ಕೂ ಶಿಥಿಲ ದೇಗುಲಗಳನ್ನು ಮರಳಿ ನಿಲ್ಲಿಸಿದೆ. ಅಲ್ಲಿ ಸ್ಥಳೀಯರಿಂದಲೂ ವೆಚ್ಚದ ಒಂದು ಭಾಗವನ್ನು ಪಡೆಯುವ ಪದ್ಧತಿಯಿದೆ. ತಮ್ಮ ಕೈಯಿಂದ ಹಣ ಕೊಟ್ಟ ಊರಿನವರು ಕೆಲಸವನ್ನು ನೋಡುತ್ತಾರೆ, ಪ್ರಶ್ನಿಸುತ್ತಾರೆ, ಮುಗಿದ ಬಳಿಕ ಕಾಪಾಡುತ್ತಾರೆ. ಆಬೂವಿನ ಗೋಷ್ಠಿಕರ ಶಾಸನದ ವಿವೇಕವೂ ಇದೇ ಆಗಿತ್ತು.

ಕೆಲಸಗಾರನಿಗೆ ಆಗುವ ಹಾನಿ

ಎರಡನೆಯ ಹಾನಿ ನಮ್ಮ ಕಣ್ಣಿಗೆ ಬೀಳದು. ಆದ್ದರಿಂದಲೇ ಅದು ಹೆಚ್ಚು ಗಂಭೀರ. ರಾಜಸ್ಥಾನದ ಸಿರೋಹಿ ಜಿಲ್ಲೆಯ ಪಿಂಡವಾಡಾ ಇಂದು ಮಂದಿರಗಳ ಕಲ್ಲು ಕೆತ್ತನೆಗೆ ಹೆಸರಾದ ಕೇಂದ್ರ. ಆಬೂವಿನ ನೆರೆಯಲ್ಲೇ ಇದೆ. ದೇಶ ವಿದೇಶಗಳ ಮಂದಿರಗಳಿಗೆ ಅಲ್ಲಿಂದ ಕಂಬ, ತೊಲೆ, ಶಿಖರದ ತುಂಡುಗಳು ಹೋಗುತ್ತವೆ. ಉಳಿಯ ಕಾಲದಲ್ಲಿ ಏಳುತ್ತಿದ್ದ ಧೂಳು ಅಲ್ಪ, ದಪ್ಪ. ವಿದ್ಯುತ್ ಗ್ರೈಂಡರು ಬಂದ ಮೇಲೆ ಮರಳುಶಿಲೆಯಿಂದ ಏಳುವ ಧೂಳು ಹಿಟ್ಟಿಗಿಂತ ನುಣುಪು. ಅದರಲ್ಲಿನ ಸಿಲಿಕಾ ಶ್ವಾಸಕೋಶವನ್ನು ಹೊಕ್ಕು ಅಲ್ಲಿಯೇ ನಿಂತು ಗಾಯಮಾಡಿ ಗಟ್ಟಿಯಾಗಿಸುತ್ತದೆ. ಸಿಲಿಕೋಸಿಸ್ ಎಂಬ ಈ ರೋಗ ಗುಣವಾಗುವುದಿಲ್ಲ. ಪಿಂಡವಾಡಾದ ಕೆತ್ತನೆಗಾರರಲ್ಲಿ, ಅವರಲ್ಲಿಯೂ ಸುತ್ತಲಿನ ಆದಿವಾಸಿ ಹಳ್ಳಿಗಳ ಯುವಕರಲ್ಲಿ, ಈ ರೋಗ ಹರಡಿರುವುದು ದಾಖಲಾಗಿದೆ. ರಾಜಸ್ಥಾನ ಸರಕಾರ 2019ರಲ್ಲಿ ಇಂತಹ ರೋಗಿಗಳಿಗಾಗಿಯೇ ಪ್ರತ್ಯೇಕ ನೀತಿಯೊಂದನ್ನು ರೂಪಿಸಬೇಕಾಯಿತು. ಕಲ್ಲಿನ ಮೇಲೆ ನೀರು ಹಾಯಿಸುತ್ತ ಕೊರೆಯುವುದು, ಧೂಳನ್ನು ಹೀರುವ ಯಂತ್ರ, ತಕ್ಕ ಮುಖಕವಚ, ಇವುಗಳಿಂದ ಈ ಧೂಳನ್ನು ಬಹುಮಟ್ಟಿಗೆ ತಡೆಯಬಹುದು. ತಡೆಯದಿರುವುದಕ್ಕೆ ಕಾರಣ ವೆಚ್ಚ ಮತ್ತು ಅವಸರ.

ಸಮಿತಿ ಕರಗಿಸಿ ಕುಡಿಯುವ ನೀರನ್ನೂ ಸೋಸಿ, ಹೆಜ್ಜೆಯಡಿಯ ಕೀಟವನ್ನೂ ಕಂಡು ನಡೆಯುವ ಧರ್ಮ ನಮ್ಮದು. ಆ ಧರ್ಮದ ಮಂದಿರಕ್ಕಾಗಿ ಒಬ್ಬ ತರುಣನ ಉಸಿರು ಕಟ್ಟಿದರೆ ಅದರ ಹೊಣೆ ಯಾರದು? ಕಟ್ಟಡ ನಿರ್ಮಾಣದಲ್ಲಿ ಆರಂಭಹಿಂಸೆ ಅನಿವಾರ್ಯವೆಂಬುದನ್ನು ಆಚಾರ್ಯರು ಬಲ್ಲರು. ಗೃಹಸ್ಥನಿಗೆ ಅದರಲ್ಲಿ ವಿನಾಯಿತಿಯಿದೆ. ಆದರೆ ತಡೆಯಬಹುದಾದ ಹಿಂಸೆಯನ್ನು ಅಜಾಗರೂಕತೆಯಿಂದ ನಡೆಯಗೊಡುವುದಕ್ಕೆ ಪ್ರಮಾದಚರ್ಯೆಯೆಂದು ಹೆಸರು. ಸಮಂತಭದ್ರಾಚಾರ್ಯರು ಅದನ್ನು ಅನರ್ಥದಂಡಗಳ ಸಾಲಿನಲ್ಲಿ ಎಣಿಸಿದ್ದಾರೆ.

ದೂರದಲ್ಲಿ ನಡೆದುದಕ್ಕೆ ನಾವು ಹೊಣೆಯಲ್ಲವೆಂಬ ಸಮಾಧಾನಕ್ಕೂ ನಮ್ಮ ಶಾಸ್ತ್ರದಲ್ಲಿ ಎಡೆಯಿಲ್ಲ. ದೂರವನ್ನೇ ವ್ರತದ ವಿಷಯವಾಗಿ ಮಾಡಿದ ಪರಂಪರೆ ನಮ್ಮದು. ದಿಗ್ವ್ರತದಲ್ಲಿ ಶ್ರಾವಕನು ಹತ್ತು ದಿಕ್ಕುಗಳಲ್ಲಿಯೂ ತನ್ನ ಸಂಚಾರಕ್ಕೆ ಎಲ್ಲೆ ಹಾಕಿಕೊಳ್ಳುತ್ತಾನೆ. ದೇಶವ್ರತದಲ್ಲಿ ನಿಯತ ಕಾಲಕ್ಕೆ ಆ ಎಲ್ಲೆಯನ್ನು ಇನ್ನಷ್ಟು ಕಿರಿದುಗೊಳಿಸುತ್ತಾನೆ. ದೇಶವ್ರತದ ಅತಿಚಾರಗಳಲ್ಲಿ ಮೊದಲಿನ ಎರಡನ್ನು ತತ್ತ್ವಾರ್ಥಸೂತ್ರ ಆನಯನ, ಪ್ರೇಷ್ಯಪ್ರಯೋಗ ಎನ್ನುತ್ತದೆ. ಎಲ್ಲೆಯ ಹೊರಗಿನ ವಸ್ತುವನ್ನು ತರಿಸಿಕೊಳ್ಳುವುದು ಆನಯನ. ತಾನು ಹೋಗದೆ ಆಳನ್ನು ಕಳುಹಿಸಿ ಕೆಲಸ ಮಾಡಿಸುವುದು ಪ್ರೇಷ್ಯಪ್ರಯೋಗ. ಇವು ವ್ರತಧಾರಿಗೆ ಹೇಳಿದ ಮಾತುಗಳು. ಬಸದಿಯ ಆಡಳಿತ ಮಂಡಳಿಯನ್ನು ಕುರಿತವಲ್ಲ. ಆದರೂ ಅವುಗಳ ಒಳಗಿನ ವಿಚಾರ ಎಲ್ಲರಿಗೂ ಸಲ್ಲುತ್ತದೆ. ನಾನು ನನ್ನ ಮನೆಯಲ್ಲೇ ಕುಳಿತಿದ್ದೆ, ಮಾಡಿದವನು ಬೇರೊಬ್ಬ ಎಂದು ಹೇಳಿ ಎಲ್ಲೆಯ ಹೊರಗಿನ ಕರ್ಮದಿಂದ ಪಾರಾಗಲಾಗದು. ಕೃತ, ಕಾರಿತ, ಅನುಮತ ಎಂಬ ಮೂರು ದ್ವಾರಗಳಿಂದಲೂ ಆಸ್ರವವಾಗುತ್ತದೆ. ಗುತ್ತಿಗೆಯ ಕಾಗದದಲ್ಲಿ ಸಹಿ ಹಾಕಿದ ಕೈ ಕಾರಿತದ ಕೈ.

ನೆಲದ ಕಾನೂನೂ ಇದನ್ನೇ ಬೇರೆ ಮಾತಿನಲ್ಲಿ ಹೇಳಿತು. 1979ರಲ್ಲಿ ಸಂಸತ್ತು ಅಂಗೀಕರಿಸಿದ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆಯು ಬೇರೆ ರಾಜ್ಯದಿಂದ ಗುತ್ತಿಗೆಯ ಮೇಲೆ ಕರೆತಂದ ಕೆಲಸಗಾರರಿಗೆ ಪ್ರಯಾಣಭತ್ಯ, ತಕ್ಕ ವಸತಿ, ಉಚಿತ ವೈದ್ಯೋಪಚಾರಗಳನ್ನು ಒದಗಿಸುವ ಹೊಣೆಯನ್ನು ಗುತ್ತಿಗೆದಾರನ ಮೇಲೆ ಹೊರಿಸಿತು. ಮುಂದೆ 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲಿ ಅದನ್ನು ಸೇರಿಸಲಾಯಿತು. ಕಾನೂನು ಗುತ್ತಿಗೆದಾರನನ್ನು ಹಿಡಿಯಬಹುದು, ಹಿಡಿಯದಿರಬಹುದು. ಧರ್ಮದ ಲೆಕ್ಕದಲ್ಲಿ ಕರೆಸಿದವರ ಪಾಲು ಯಾವಾಗಲೂ ಇದ್ದೇ ಇದೆ.

ಆಡಳಿತ ಮಂಡಳಿಗಳು ವಿಚಾರಿಸಬೇಕಾದುದು

ಮೇಲಿನ ಇತಿಹಾಸದಿಂದ ಕೆಲವು ವಿವೇಚನೆಗಳು ಸಹಜವಾಗಿ ಹೊರಡುತ್ತವೆ. ಜೀರ್ಣೋದ್ಧಾರದ ಮಾತು ಬಂದಾಗ ಗುತ್ತಿಗೆದಾರನ ದರಪಟ್ಟಿಯನ್ನು ನೋಡುವ ಮೊದಲು ಕಟ್ಟಡವನ್ನು ನೋಡಬೇಕು. ನಿಜವಾಗಿ ಕೆಟ್ಟಿರುವುದೇನು, ಹಳತಾಗಿ ಕಾಣುವುದೇನು ಎಂಬುದನ್ನು ಬೇರ್ಪಡಿಸಬೇಕು. ಊರಿನ ಬಡಗಿ, ಗಾರೆಯವನು, ಹಂಚು ಹೊದಿಸುವವನು ಮಾಡಬಲ್ಲ ಕೆಲಸವನ್ನು ಅವರಿಗೇ ಒಪ್ಪಿಸಬೇಕು. ಕೆಲಸ ಸಿಕ್ಕದಿದ್ದರೆ ಆ ವಿದ್ಯೆಯೂ ಊರಿನಿಂದ ಅಳಿದುಹೋಗುತ್ತದೆ. ಆಮೇಲೆ ಒಂದು ಹಂಚು ಬದಲಿಸಲೂ ದೂರದಿಂದಲೇ ಕರೆಸಬೇಕಾಗುತ್ತದೆ.

ಊರಿನಲ್ಲಿ ಇಲ್ಲದ ಕುಶಲತೆ ಬೇಕಾದರೆ ಎಷ್ಟು ದೂರದಿಂದಲಾದರೂ ಕರೆಸಬಹುದು, ದಾಸೋಜನೂ ಹೊರಗಿನವನೇ. ಆದರೆ ಬರುವವನು ಕೆಲಸಕ್ಕೆ ಮೊದಲು ಒಂದು ಮಳೆಗಾಲವನ್ನಾದರೂ ಕಟ್ಟಡದೊಡನೆ ಕಳೆದಿರಲಿ, ಇಲ್ಲವೇ ಕಳೆದವರ ಮಾತನ್ನು ಕೇಳಲಿ. ಹಣದ ಒಂದು ಭಾಗವನ್ನು ಎರಡು ಮಳೆಗಾಲಗಳು ಕಳೆಯುವವರೆಗೆ ತಡೆದಿಡುವ ಕರಾರು ಇರಲಿ. ಬಿಚ್ಚುವ ಪ್ರತಿಯೊಂದು ಕಲ್ಲಿಗೂ ಅಂಕೆ ಬರೆದು, ಚಿತ್ರ ತೆಗೆದು, ಪುಸ್ತಕದಲ್ಲಿ ದಾಖಲಿಸಿಡಬೇಕು. ಚಂದ್ರಗುಪ್ತ ಬಸದಿಯ ಜಾಲಂದ್ರ ಕಲಿಸುವ ಪಾಠವಿದು. ಕೆಲಸಗಾರರ ವಸತಿ, ಅನ್ನ, ಕೂಲಿಗಳನ್ನು ಮಂಡಳಿಯ ಒಬ್ಬರು ತಾವೇ ಹೋಗಿ ನೋಡಬೇಕು. ಕೆತ್ತನೆ ಬೇರೆ ಊರಿನಲ್ಲಿ ನಡೆಯುವುದಾದರೆ ಒಮ್ಮೆಯಾದರೂ ಆ ಕಾರ್ಖಾನೆಗೆ ಹೋಗಿ, ಅಲ್ಲಿ ನೀರು ಹಾಯಿಸುತ್ತಾರೆಯೇ, ಧೂಳಿಗೆ ಏನು ಏರ್ಪಾಡಿದೆ ಎಂಬುದನ್ನು ಕಣ್ಣಾರೆ ಕಂಡು ಬರಬೇಕು. ಅದಕ್ಕೆ ತಗಲುವ ಹೆಚ್ಚಿನ ವೆಚ್ಚವನ್ನು ಕರಾರಿನಲ್ಲಿಯೇ ಸೇರಿಸಬೇಕು. ಆ ಹಣವನ್ನು ಉಳಿಸಿ ಶಿಖರಕ್ಕೆ ಇನ್ನೊಂದು ಕಲಶವನ್ನು ಏರಿಸುವುದರಿಂದ ಪುಣ್ಯ ಹೆಚ್ಚದು.

ಎಲ್ಲಕ್ಕಿಂತ ಮಿಗಿಲಾದುದು ಖಂಡಸ್ಫುಟಿತದ ನಿಧಿ. ಪಂಚಕಲ್ಯಾಣದ ಸಂಭ್ರಮಕ್ಕೆ ಸಂಗ್ರಹವಾಗುವ ಹಣದಲ್ಲಿ ಒಂದು ಪಾಲನ್ನು ತೆಗೆದಿರಿಸಿ, ಪ್ರತಿವರ್ಷ ಮಳೆಗಾಲಕ್ಕೆ ಮೊದಲು ಮಾಡಿನ ಹಂಚು, ಚರಂಡಿ, ಗೋಡೆಯ ಬಿರುಕು, ಕಲ್ಲಿನ ಸಂದಿಯಲ್ಲಿ ಬೇರುಬಿಟ್ಟ ಅಶ್ವತ್ಥದ ಸಸಿ ಇವನ್ನು ನೋಡಿ ಸರಿಪಡಿಸುವ ಕಟ್ಟಳೆಯನ್ನು ಪ್ರತಿಯೊಂದು ಬಸದಿಯೂ ಮಾಡಿಕೊಳ್ಳುವುದಾದರೆ, ನಮ್ಮ ಬಹುಪಾಲು ಬಸದಿಗಳಿಗೆ ಮುಂದಿನ ನೂರು ವರ್ಷ ದೊಡ್ಡ ಜೀರ್ಣೋದ್ಧಾರವೇ ಬೇಕಾಗದು. ಒಂದು ಏಣಿ, ಒಂದು ಬುಟ್ಟಿ ಸುಣ್ಣ, ಊರಿನ ಒಬ್ಬ ಮೇಸ್ತ್ರಿ, ನೋಡುವ ಒಂದು ಜೊತೆ ಕಣ್ಣು, ಇಷ್ಟು ಸಾಕು. ಒಂಬತ್ತು ಶತಮಾನಗಳ ಹಿಂದೆ ದಾನಶಾಸನಗಳನ್ನು ಬರೆಸಿದವರು ಈ ಕೆಲಸವನ್ನು ಅರ್ಚನೆ, ಆಹಾರದಾನಗಳ ಜೊತೆಯಲ್ಲಿಯೇ ಇಟ್ಟಿದ್ದರು.